ಸೋಮವಾರದ ಜುಬ್ಬ

“ಸಾರ್, ಬಾಯಿಗೆ ಒಂದು ವೀಳ್ಯ ಹಾಕ್ಕೊಂಡು ಮಷೀನಿನ ಮುಂದೆ ಕೂತ್ರೆ, ಅದರ ರಸ ಗಂಟಲಿಗಿಳಿಯೋದ್ರೊಳಗೆ ಏಳು ಜುಬ್ಬ ಹೊಲಿದು ಎಸೀತೀನಿ. ಎಂಟನೇದೂ ಹೊಲೀಬಹುದು. ಆದ್ರೆ ಮಷೀನು ಕಾದು ಕೆಂಪಗಾಗುತ್ತೆ. ಪಾಪ, ಕಬ್ಬಿಣ ಅಲ್ವಾ, ನಮ್ಮಷ್ಟು ತಡ್ಕೊಳ್ಳಲ್ಲ.”

ಈ ಮಾತು ಹೊರಟದ್ದು ಸಾವಿರದ ಒಂಬೈನೂರ ಐವತ್ತೊಂಬತ್ತರ ಒಂದು ಬುಧವಾರ ಮಧ್ಯಾಹ್ನ, ಕಚೇರಿಯ ಕಾಫಿ ವೇಳೆಯಲ್ಲಿ, ಗುಮಾಸ್ತ ಅನಂತರಾಮುವಿನ ಬಾಯಿಂದ. ಕೇಳಿದ ಕೂಡಲೇ ಕಡತಗಳ ಮೇಲೆ ಇಳಿಯುತ್ತಿದ್ದ ಧೂಳು ಅರ್ಧಕ್ಕೇ ನಿಂತಿತು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಲೆಂದು ಬಾಯಿ ತೆರೆದು, ಇದಕ್ಕೆ ಸಾಕ್ಷಿ ಹೇಳಿದರೆ ತನ್ನ ಕುಲಕ್ಕೇ ಕೆಟ್ಟ ಹೆಸರೆಂದು ಮುಚ್ಚಿಕೊಂಡಿತು. ಕೇಳುತ್ತಿದ್ದ ಹದಿನೆಂಟು ಜನರಲ್ಲಿ ಹದಿನೇಳು ಮಂದಿ ನಗು ತಡೆಯಲಾರದೆ ಕಾಫಿಯನ್ನು ಮೂಗಿನಿಂದ ಕುಡಿದರು. ಹದಿನೆಂಟನೆಯವರು ಮಾತ್ರ ನಂಬಿಬಿಟ್ಟರು.

ಅವರೇ ಸೂಪರಿಂಟೆಂಡೆಂಟ್ ಸೋಮಲಿಂಗಪ್ಪನವರು. ಐವತ್ತಮೂರು ವರ್ಷದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಕಿವಿಗೆ ಬಿದ್ದರೂ ಅದರ ಗುರುತು ಹತ್ತುವುದಿಲ್ಲ. ತಮಿಳು ಬಾರದವನಿಗೆ ತಮಿಳಿನ ಬೈಗುಳವೂ ಹೊಗಳಿಕೆಯಂತೆ ಕೇಳಿಸುವ ಹಾಗೆ.

ಇಷ್ಟಕ್ಕೂ ಅವರು ಕೇಳಿದ್ದು ಒಂದು ಸಾಧಾರಣ ಪ್ರಶ್ನೆ. ಅನಂತರಾಮು ತೊಟ್ಟಿದ್ದ ಖಾದಿ ಷರಟಿನ ಕಾಲರು ನೋಡಿ, “ಏನ್ರೀ, ಎಷ್ಟು ನೆಟ್ಟಗೆ ಕೂತಿದೆ! ಯಾರ ಕೈ ಹೊಲಿಗೆ ಇದು?” ಎಂದಿದ್ದರು. ‘ನನ್ನ ಹೆಂಡತಿ ಚೂಡಾಮಣಿಯದು’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿದು ಎಲ್ಲರೂ ನೆಮ್ಮದಿಯಾಗಿರುತ್ತಿದ್ದರು. ಅನಂತರಾಮು “ನಂದೇ ಸಾರ್” ಎಂದ. ಸೂಜಿಯ ಯಾವ ತುದಿಗೆ ಕಣ್ಣಿರುತ್ತದೆಂಬ ವಿಷಯದಲ್ಲೇ ಅವನಿಗೆ ಅಭಿಪ್ರಾಯ ಗಟ್ಟಿಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಸೋಮಲಿಂಗಪ್ಪನವರು ಒಂದು ಗಂಟು ತಂದು, ದೇವರ ಪೆಟ್ಟಿಗೆ ಇಡುವಂತೆ ಅವನ ಮೇಜಿನ ಮೇಲಿಟ್ಟರು.

“ನಮ್ಮ ತಾಯಿ ಕೊನೆಯ ಎರಡು ವರ್ಷ ರಾಟೆ ಮುಂದೆ ಕೂತು ತೆಗೆದ ನೂಲು ಇದು. ಊರಿನ ಮಗ್ಗದಲ್ಲಿ ನೇಯಿಸಿ ಇಟ್ಟಿದ್ದೆ. ದರ್ಜಿ ಕೈಗೆ ಕೊಡೋಕೆ ಮನಸ್ಸು ಒಪ್ಪಿರಲಿಲ್ಲ. ಬರೋ ವಾರ ಕಳೆದು ಸೋಮವಾರ ಅವರು ಹೋಗಿ ವರ್ಷ ತುಂಬುತ್ತೆ. ಅವತ್ತು ತೊಡ್ಬೇಕು. ಅಳತೆಗೆ ನನ್ನ ಹಳೇ ಜುಬ್ಬ ಇಟ್ಟಿದೀನಿ.” ಆಮೇಲೆ ದನಿ ತಗ್ಗಿಸಿ, “ಕೈನೂಲು, ಗೊತ್ತಲ್ಲ? ಮೂರು ದಿನ ನೆನೆಸ್ಬೇಕು. ದಿನಾ ನೀರು ಬದಲಾಯಿಸಿ, ನೆರಳಲ್ಲಿ ಒಣಗಿಸಿ. ಅದು ಕುಗ್ಗೋದೆಲ್ಲಾ ಕುಗ್ಗಲಿ, ಆಮೇಲೆ ಕತ್ತರಿ,” ಎಂದರು.

“ಸಾರ್, ಮೀನಿನ ಮರಿಗೆ ಈಜು ಹೇಳಿಕೊಡ್ತೀರಾ?” ಎಂದ ಅನಂತರಾಮು. ಆ ಹೊತ್ತಿಗಾಗಲೇ ಅವನ ಅಂಗೈಯಿಂದ ಸುರಿದ ಬೆವರಿನಲ್ಲಿ ಆ ಬಟ್ಟೆಯನ್ನು ಅಲ್ಲೇ ನೆನೆಸಬಹುದಾಗಿತ್ತು. ಹಾಗೆ ಮಾಡಿದ್ದರೂ ಚೆನ್ನಾಗಿತ್ತು.

ಏಕೆಂದರೆ ಚೂಡಾಮಣಿ ಊರಿನಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ಕನಕಪುರಕ್ಕೆ ಹೋಗಿ ಎರಡು ದಿನವಾಗಿತ್ತು; ಬರುವುದು ತಿಂಗಳಿಗೆ. ಗಂಡ ಹೊಲಿಗೆ ಮಷೀನಿನ ಮೇಲೆ ಹಾಲಿನ ಪಾತ್ರೆ ಇಡುತ್ತಾನೆಂದು ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು.

ಆದರೂ ನೆನೆಸುವುದಕ್ಕೇನು ಮಹಾ ವಿದ್ಯೆ ಎಂದು ಅನಂತರಾಮು ಸಂಜೆ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ವಠಾರದ ನಲ್ಲಿಯ ಕಡೆ ಹೊರಟ. ತೊಟ್ಟಿಗೆ ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ವಠಾರದ ಒಡತಿ ಮುನಿವೆಂಕಟಮ್ಮನ ಕಣ್ಣಿಗೆ ಬಿದ್ದ. ಆಕೆ ಪಿಸುಗುಟ್ಟಿದರೆ ಮೈಲಿಗಟ್ಟಲೆ ಆಚೆಯ ಬಿಳೇಕಹಳ್ಳಿಯ ದನಗಳು ಕಿವಿ ನಿಮಿರಿಸುತ್ತಿದ್ದವು. ಅಂದು ಆಕೆ ಪಿಸುಗುಟ್ಟಲಿಲ್ಲ.

“ಏನ್ ಅಯ್ನೋರೇ! ಹೆಂಡ್ರು ಊರಿಗೋಗಿ ಎರಡ್ ದಿನಕ್ಕೇ ಸೀರೆ ಒಗ್ಯೋಕ್ ಬಂದ್ರಾ? ಏ ಬರ್ರೇ ಎಲ್ಲಾ! ಗಂಡಸ್ರ ಒಗೆತ ನೋಡ್ಬನ್ನಿ!”

ಏಳು ಬಾಗಿಲು ತೆರೆದವು, ಹದಿನಾಲ್ಕು ತಲೆ ಹೊರಬಂದವು.

“ಒಗೆಯೋದಲ್ಲಮ್ಮಾ, ಬಟ್ಟೆಗೆ ಸ್ವಲ್ಪ ಗಾಳಿ ಆಡಿಸೋಣ ಅಂತ,” ಎಂದು ಅನಂತರಾಮು ಬಟ್ಟೆಯನ್ನು ಬಾವುಟದಂತೆ ಮೂರು ಸಲ ಬೀಸಿ, ತಲೆ ತಗ್ಗಿಸಿಕೊಂಡು ಒಳಗೆ ಬಂದು, ಟ್ರಂಕಿಗೆ ಹಾಕಿ ಮುಚ್ಚಿದ. ಅಲ್ಲಿಗೆ ನೆನೆಸುವ ಶಾಸ್ತ್ರ ಮುಗಿಯಿತು.

ಕಚೇರಿಯಲ್ಲಿ ಮಾತ್ರ ಬಟ್ಟೆ ನೆನೆಯುತ್ತಲೇ ಇತ್ತು.

“ನೀರಿಗೆ ಹಾಕಿದ್ರಾ ಅನಂತರಾಮು?”

“ರಾತ್ರಿಯೇ ಸಾರ್.”

“ನೀರು ಬದಲಾಯಿಸಿದ್ರಾ?”

“ಎರಡೆರಡು ಸಲ ಸಾರ್. ನಲ್ಲಿ ನೀರಿಗೆ ನೂಲಿನ ಮನಸ್ಸು ಕೆಡುತ್ತೆ ಅಂತ ಬಾವಿ ನೀರು ಹೊರಿಸಿದೆ. ಹದಿನಾರು ಬಿಂದಿಗೆ.”

ಸೋಮಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಕಾಲದಲ್ಲೂ ಇಂಥ ಹುಡುಗರಿದ್ದಾರಲ್ಲ ಎಂದು ಅವರಿಗೆ ಕಣ್ಣು ತುಂಬಿತ್ತು.

ಗಡುವಿಗೆ ಎರಡೇ ದಿನ ಉಳಿದ ಶನಿವಾರ, ಮಳೆಯಿಲ್ಲದಿದ್ದರೂ ಕೊಡೆಯಲ್ಲಿ ಮುಖ ಮರೆಸಿಕೊಂಡು, ಅನಂತರಾಮು ಸಿದ್ದಾಪುರದ ದರ್ಜಿ ಚಿಕ್ಕಬೈರಪ್ಪನ ಅಂಗಡಿಗೆ ನುಗ್ಗಿದ. ಚಿಕ್ಕಬೈರಪ್ಪ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ, ಮೂಸಿದ, ಕತ್ತರಿಯನ್ನು ಕೆಳಗಿಟ್ಟ.

“ಕೈಮಗ್ಗದ್ದು. ನೀರು ಕಂಡೈತಾ ಸೋಮಿ? ಕಂಡಿಲ್ದಿದ್ರೆ ನೆನೆಹಾಕ್ತೀನಿ, ಗುರುವಾರ ಬನ್ನಿ. ನೀರು ಕಾಣ್ದಿರೋ ಕೈನೂಲ್ಗೆ ನಮ್ಮಪ್ಪ ಕತ್ತರಿ ಹಾಕ್ಲಿಲ್ಲ, ನಾನೂ ಹಾಕಾಕಿಲ್ಲ.”

ಗುರುವಾರ! ಸೋಮವಾರ ಬೆಳಿಗ್ಗೆ ಸೋಮಲಿಂಗಪ್ಪನವರು ಬರಿಮೈಯಲ್ಲಿ ತಾಯಿಯ ಫೋಟೋ ಮುಂದೆ ನಿಂತಿರುವ ಚಿತ್ರ ಅನಂತರಾಮುವಿನ ಕಣ್ಣಿಗೆ ಕಟ್ಟಿತು.

“ಮೂರು ದಿನ ನೆನೆದಿದೆ ಕಣಪ್ಪಾ!”

“ಗಂಜಿ ವಾಸ್ನೆ ಹಂಗೇ ಐತಲ್ಲ?”

“ಮತ್ತೆ ಗಂಜಿ ಹಾಕಿಸ್ದೆ. ಹೊಳಪಿಗೆ.”

“ನಿಮ್ ಮಾತಿನ್ ಮೇಲೆ ಹಾಕ್ತಿವ್ನಿ ಸೋಮಿ. ನಾಳೆ ಏನಾದ್ರೂ ಆದ್ರೆ ನನ್ ಕತ್ತರಿ ಮೇಲೆ ಬರಂಗಿಲ್ಲ,” ಎಂದು ಚಿಕ್ಕಬೈರಪ್ಪ ಕತ್ತರಿ ಎತ್ತಿದ. ಅದು ಕಚ್ಚಿದ ಶಬ್ದ ಅನಂತರಾಮುವಿನ ಬೆನ್ನುಮೂಳೆಯ ಉದ್ದಕ್ಕೂ ಕೇಳಿಸಿತು.

ಸೋಮವಾರ ಬೆಳಗಾಗುವುದರೊಳಗೆ ಜುಬ್ಬ ಸೋಮಲಿಂಗಪ್ಪನವರ ಮನೆ ಸೇರಿತು. ಅಂಥ ಜುಬ್ಬ ಅದಕ್ಕೆ ಮುಂಚೆ ಜಯನಗರದಲ್ಲಿ ಯಾರೂ ಕಂಡಿರಲಿಲ್ಲ. ಸೋಮಲಿಂಗಪ್ಪನವರು ಅದನ್ನು ತೊಟ್ಟು ಕಚೇರಿಗೆ ಬಂದಾಗ ಗಡಿಯಾರ ಬೆರಗಾಗಿ ಹತ್ತರ ಬದಲು ಹನ್ನೊಂದು ಹೊಡೆಯಿತು. ಅವರು ನೇರವಾಗಿ ಅನಂತರಾಮುವಿನ ಬಳಿ ಬಂದು, “ಅಮ್ಮ ಬಂದು ಅಪ್ಪಿಕೊಂಡ ಹಾಗಿದೆ ಕಣ್ರೀ. ಇನ್ನು ಪ್ರತಿ ಸೋಮವಾರವೂ ಇದನ್ನೇ ತೊಡ್ತೀನಿ. ಅಗಸರಿಗೂ ಕೊಡಲ್ಲ, ಭಾನುವಾರ ಶಾಂತಾನೇ ಬಿಸಿನೀರಲ್ಲಿ ಒಗೆದು ಹಾಕ್ತಾಳೆ,” ಎಂದರು.

ಬಿಸಿನೀರು ಎಂಬ ಶಬ್ದ ಕೇಳಿ ಅನಂತರಾಮು ಕುರ್ಚಿಯ ಕೈ ಹಿಡಿದುಕೊಂಡ.

ಎರಡನೆಯ ಸೋಮವಾರ ಸೋಮಲಿಂಗಪ್ಪನವರು ಬಾಗಿಲಲ್ಲಿ ಸ್ವಲ್ಪ ಬಿಗಿಯಾಗಿ ನಡೆದು ಬಂದರು. “ಅಮ್ಮ ಇವತ್ತು ಸ್ವಲ್ಪ ಗಟ್ಟಿಯಾಗಿ ಅಪ್ಪಿಕೊಂಡಿದ್ದಾರೆ,” ಎಂದು ನಕ್ಕರು. ನಗುವಾಗ ಎದೆಯ ಗುಂಡಿ ಕೀರಲು ದನಿ ಮಾಡಿತು.

“ಬಟ್ಟೆಯೇನಾದ್ರೂ…” ಎಂದಿತು ಪಕ್ಕದ ಮೇಜು.

“ಛೆ ಛೆ, ಮೂರು ದಿನ ಬಾವಿ ನೀರಲ್ಲಿ ನೆನೆದ ಬಟ್ಟೆ. ಅದು ಎಲ್ಲಿಂದ ಕುಗ್ಗಬೇಕು? ಅದು ಕುಗ್ಗಿಲ್ಲ ಅಂದ್ರೆ ಹಿಗ್ಗಿರೋದು ನಾನೇ. ಶಾಂತಾ ಹಾಕೋ ತುಪ್ಪ! ಅಲ್ವೇನ್ರೀ ಅನಂತರಾಮು?”

ತಪ್ಪಿಸಿಕೊಳ್ಳುವುದಕ್ಕೆ ಬಾಗಿಲು ಇಷ್ಟು ಅಗಲ ತೆರೆದಿರುವಾಗ ಯಾವ ನರಮನುಷ್ಯ ನುಗ್ಗದೆ ಇದ್ದಾನು? “ಹೂಂ ಸಾರ್, ಹೇಳೋಣ ಅಂತಿದ್ದೆ. ಸ್ವಲ್ಪ ತುಂಬ್ಕೊಂಡಿದೀರಿ. ಮುಖದಲ್ಲೂ,” ಎಂದ ಅನಂತರಾಮು.

ಅಂದಿನಿಂದ ಸೋಮಲಿಂಗಪ್ಪನವರ ಮನೆಯಲ್ಲಿ ತುಪ್ಪ ನಿಂತಿತು. ಮೂರನೆಯ ಸೋಮವಾರದ ಹೊತ್ತಿಗೆ ರೊಟ್ಟಿಯೂ ನಿಂತು ಬರೀ ಗಂಜಿಯಾಯಿತು. ಅವರು ಒಂದು ತುತ್ತು ಬಿಟ್ಟರೆ ಜುಬ್ಬ ಒಂದು ಅಂಗುಲ ಬಿಡುತ್ತಿತ್ತು. ಮೊಣಕಾಲಿನ ಕೆಳಗಿದ್ದ ಅಂಚು ಮೊಣಕಾಲು ದಾಟಿ ತೊಡೆಯ ಕಡೆ ಪ್ರಯಾಣ ಹೊರಟಿತ್ತು. ತೋಳು ಮಣಿಕಟ್ಟು ಬಿಟ್ಟು ಮೊಣಕೈಗೆ ಹತ್ತಿರವಾಗಿತ್ತು. ಉಸಿರು ಎಳೆದುಕೊಳ್ಳಬೇಕಾದರೆ ಅವರು ಎದ್ದು ನಿಲ್ಲಬೇಕಾಗಿತ್ತು.

“ಕೈಯೂ ಉದ್ದ ಆಗ್ತಾ ಇದೆ,” ಎಂದರು ಅವರು, ಮಣಿಕಟ್ಟು ನೋಡಿಕೊಂಡು, ಮೆಲ್ಲಗೆ.

ಜವಾನ ತಿಮ್ಮರಾಯಪ್ಪ ಹುಳಿಮಾವಿನವನು. ನೀರಿನ ಲೋಟ ಇಡುತ್ತಾ ಬಾಗಿ ನೋಡಿ, “ನಮ್ಮೂರಾಗೂ ಒಬ್ರಿಗೆ ಇಂಗೇ ಆಗಿತ್ತು ಸಾರ್. ಕೈಕಾಲು ಉದ್ದ ಬಂದ್ವು,” ಎಂದ.

“ಆಮೇಲೆ?”

“ಆಮೇಲಿಂದ್ ಯಾಕೆ ಬಿಡಿ ಸಾರ್. ಮಕ್ಳೆಲ್ಲಾ ಚೆನ್ನಾಗವ್ರೆ.”

ಸಂಜೆ ಅನಂತರಾಮು ಸೋಮಲಿಂಗಪ್ಪನವರನ್ನು ಒಬ್ಬರೇ ಇದ್ದಾಗ ಹಿಡಿದು, “ಸಾರ್, ಜುಬ್ಬ ಒಂದು ದಿನ ಕೊಡಿ, ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡ್ತೀನಿ,” ಎಂದ.

“ಬೇಡ ಅನಂತರಾಮು. ಬಟ್ಟೆ ಸಡಿಲ ಮಾಡಿ ಕಾಯಿಲೆ ಮುಚ್ಚಿಡೋದು ಬೇಡ.”

“ನಿಮ್ಮ ಬೇರೆ ಜುಬ್ಬ ಎಲ್ಲಾ ದೊಗಳೆ ಆಗಿದೆಯಲ್ಲ ಸಾರ್?”

“ಅವು ಅಂಗಡಿಯವು. ಹೇಗೆ ಬೇಕಾದ್ರೂ ಜೋಲ್ತವೆ. ಅಮ್ಮನ ನೂಲು ಸುಳ್ಳು ಹೇಳಲ್ಲ ಕಣ್ರೀ.”

ಅಮ್ಮನ ನೂಲು ಸುಳ್ಳು ಹೇಳಿರಲಿಲ್ಲ, ನಿಜ. ಹೇಳಿದವನು ಅಲ್ಲೇ ಎದುರಿಗೆ ನಿಂತು ತನ್ನ ಕೊಡೆಯ ಹಿಡಿಯನ್ನು ಕಚ್ಚುತ್ತಿದ್ದ.

ಆ ವಾರ ಮನೆಯವರು ಡಾಕ್ಟರನ್ನು ಕರೆಸಿದರು. ಡಾಕ್ಟರು ನಾಡಿ ನೋಡಿ, ಎದೆ ಬಡಿದು, ತೂಕಕ್ಕೆ ನಿಲ್ಲಿಸಿ, “ಹದಿನೈದು ಪೌಂಡು ಇಳಿದಿದೀರಿ. ಏನೂ ಆಗಿಲ್ಲ ನಿಮಗೆ. ಏನು ಬೇಕೋ ಅದು ತಿನ್ನಿ,” ಎಂದು ಹೋದರು.

ಏನು ಬೇಕೋ ಅದು ತಿನ್ನಿ! ಈ ಮಾತನ್ನು ಡಾಕ್ಟರು ಯಾವಾಗ ಹೇಳುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? ಸೋಮಲಿಂಗಪ್ಪನವರ ಹೆಂಡತಿ ಶಾಂತಾದೇವಿ ಅಡಿಗೆಮನೆಯ ಕಂಬಕ್ಕೆ ಒರಗಿ ಕುಳಿತವರು ಏಳಲಿಲ್ಲ. ಚಿತ್ರದುರ್ಗಕ್ಕೆ ತಂತಿ ಹೋಯಿತು. ಶಾಂತಾದೇವಿಯ ಅಣ್ಣ ಕರಿಬಸವಯ್ಯ ನಾರುಬೇರಿನ ಚೀಲ ಹೊತ್ತು ಮೊದಲ ಬಸ್ಸಿಗೇ ಬಂದಿಳಿದರು.

ಇದೆಲ್ಲ ತಿಮ್ಮರಾಯಪ್ಪನ ಮೂಲಕ ಕಚೇರಿಗೂ, ಕಚೇರಿಯಿಂದ ಅನಂತರಾಮುವಿನ ಹೊಟ್ಟೆಗೂ ಇಳಿಯಿತು. ಅವನೂ ಊಟ ಬಿಟ್ಟ. ಸೀನು ಬಂದರೂ, ಕೇಳಿದವರು ಸೋಮಲಿಂಗಪ್ಪನವರಿಗೆ ಅಪಶಕುನ ಎಂದಾರೆಂದು ಹೆದರಿ ತಡೆದ. ಶನಿವಾರ ಸಂಜೆ ಕನಕಪುರದಿಂದ ಬಂದಿಳಿದ ಚೂಡಾಮಣಿ ಸೊರಗಿ ಬಾಗಿಲಲ್ಲಿ ನಿಂತಿದ್ದ ಗಂಡನ ಗುರುತು ಹತ್ತದೆ, ಯಾರೋ ಸಾಲದವರು ಎಂದುಕೊಂಡು, “ಅವರಿಲ್ಲ, ಆಮೇಲೆ ಬನ್ನಿ,” ಎಂದಳು.

ಎರಡು ಲೋಟ ನೀರು ಕುಡಿಸಿದ ಮೇಲೆ ಅನಂತರಾಮು ಬಾಯಿ ಬಿಟ್ಟ. ಅವಳು ಅರ್ಧಕ್ಕೇ ಕೈ ಎತ್ತಿದಳು.

“ನೆನೆಸ್ಲಿಲ್ಲ ಅಲ್ವಾ?”

“ಮುನಿವೆಂಕಟಮ್ಮ ಏನಂದ್ರು ಗೊತ್ತಾ…”

“ಅಯ್ಯೋ ನನ್ನ ಕರ್ಮವೇ! ಒಬ್ಬ ಹೆಂಗಸು ನಕ್ಕಳು ಅಂತ ಒಬ್ಬ ಗಂಡಸನ್ನ ಮಣ್ಣಿಗೆ ಕಳಿಸ್ತಿದೀರಲ್ರೀ! ನಾಳೆ ಬೆಳಿಗ್ಗೆ ನಡೀರಿ. ನಾನೂ ಬರ್ತೀನಿ. ಇಲ್ದಿದ್ರೆ ನೀವು ಅರ್ಧ ದಾರಿಯಲ್ಲಿ ಲಾಲ್‌ಬಾಗಿಗೆ ತಿರುಗಿಕೊಂಡುಬಿಡ್ತೀರ.”

ಭಾನುವಾರ ಬೆಳಿಗ್ಗೆ ಸೋಮಲಿಂಗಪ್ಪನವರ ಮನೆಯ ಅಂಗಳದಲ್ಲಿ ಚಪ್ಪಲಿಗಳ ಜಾತ್ರೆ ನೆರೆದಿತ್ತು. ನಡುಮನೆಯಲ್ಲಿ ಸೋಮಲಿಂಗಪ್ಪನವರು ಒಂದು ಪಂಚೆ ಸುತ್ತಿಕೊಂಡು, ಒಣಗಿದ ಕೊತ್ತಂಬರಿ ಕಟ್ಟಿನಂತೆ ದಿಂಬಿಗೆ ಒರಗಿದ್ದರು. ಎದುರಿಗೆ ಮಣೆಯ ಮೇಲೆ ಜುಬ್ಬ. ಈಗ ಅದು ಏಳನೆಯ ತರಗತಿಯ ಹುಡುಗನಿಗೆ ಸರಿಹೋಗುವಂತಿತ್ತು. ಬಂದವರೆಲ್ಲ ಒಮ್ಮೆ ಜುಬ್ಬ ನೋಡಿ, ಒಮ್ಮೆ ಅವರನ್ನು ನೋಡಿ, ಲೊಚ್ಚೆಂದು ತಲೆ ಆಡಿಸುತ್ತಿದ್ದರು.

ಕರಿಬಸವಯ್ಯ ಎಲ್ಲರಿಗೂ ವಿವರಿಸುತ್ತಿದ್ದರು: “ತೂಕ ಇಳಿದೈತಿ. ಅಳತಿ ಏರೈತಿ. ಅಂದ್ರ ಏನು? ಒಳಗ ತುಂಬಿರೋದು ಗಾಳಿ! ಮಕ್ಕಳು ಊದೋ ಪುಗ್ಗ ಎಷ್ಟು ತೂಗ್ತತಿ ಹೇಳ್ರಿ? ಕಿಟಕಿ ಹಾಕ್ರಮ್ಮಾ, ಭಾವನ್ನ ಗಾಳಿಗೆ ಬಿಡಬ್ಯಾಡ್ರಿ!”

ಯಾರೋ ಓಡಿಹೋಗಿ ಕಿಟಕಿ ಹಾಕಿದರು.

“ಬನ್ನಿ ಅನಂತರಾಮು,” ಎಂದು ಸೋಮಲಿಂಗಪ್ಪನವರು ಕೈ ಚಾಚಿದರು. “ಹೇಳಿ ಕಳಿಸೋಣ ಅಂತಿದ್ದೆ. ನಾಳೆ ಕಚೇರಿಗೆ ರಾಜೀನಾಮೆ ಕಳಿಸ್ತಿದೀನಿ. ನಿಮ್ಮಿಂದ ಒಂದು ಕೆಲಸ ಆಗ್ಬೇಕು.” ದಿಂಬಿನ ಕೆಳಗಿಂದ ಮಡಿಸಿದ ಬಟ್ಟೆ ತೆಗೆದರು. “ಅಮ್ಮನ ನೂಲಿನದು ಇನ್ನೊಂದು ತುಂಡಿದೆ. ನನ್ನನ್ನ ಕಳಿಸಿಕೊಡುವಾಗ ಇದರದೇ ಜುಬ್ಬ ತೊಡಿಸ್ಬೇಕು. ಹೊಲಿಗೆ ನಿಮ್ಮದೇ. ಸ್ವಲ್ಪ ಧಾರಾಳವಾಗಿ ಹೊಲೀರಿ. ಅಷ್ಟು ಹೊತ್ತಿಗೆ ಎಷ್ಟು ಊದಿರ್ತೀನೋ.”

ಶಾಂತಾದೇವಿ ಸೆರಗು ಬಾಯಿಗೆ ಒತ್ತಿಕೊಂಡರು.

“ಮರೀಬೇಡಿ. ಮೊದಲಿನ ಹಾಗೇ ಮೂರು ದಿನ ನೆನೆಸಿ.”

ಚೂಡಾಮಣಿ ಹಿಂದಿನಿಂದ ಗಂಡನ ಬೆನ್ನಿಗೆ ಒಂದು ತಿವಿತ ಕೊಟ್ಟಳು. ಅದು ಎಂಥ ತಿವಿತವೆಂದರೆ ಅದರ ಜೊತೆಗೇ ಮಾತೂ ಹೊರಬಂತು.

“ಸಾರ್, ಆ ಮೂರು ದಿನ ಅಂದ್ನಲ್ಲ…”

“ಹೂಂ?”

“ಎರಡು ಅಂತ ಇಟ್ಕೊಳ್ಳಿ ಸಾರ್.”

ಸೋಮಲಿಂಗಪ್ಪನವರ ತಲೆ ದಿಂಬಿನಿಂದ ಒಂದು ಅಂಗುಲ ಎದ್ದಿತು. “ಎರಡು ದಿನ ನೆನೆಸಿದ್ರಾ?”

“ಎರಡು ಅಂದ್ರೆ… ಒಂದು ರಾತ್ರಿ.”

“ಒಂದು ರಾತ್ರಿ?”

“ಅರ್ಧ ಗಂಟೆ ಸಾರ್.”

“ಅರ್ಧ ಗಂಟೆ ನೀರಲ್ಲಿತ್ತಾ?”

“ನೀರಲ್ಲಿ ಅಂತಲ್ಲ. ನೀರಿನ ಹತ್ತಿರ ತಗೊಂಡು ಹೋಗಿದ್ದೆ.”

“ಎಷ್ಟು ಹತ್ತಿರ?”

“ನಲ್ಲಿ ಕಾಣಿಸ್ತಿತ್ತು ಸಾರ್.”

ಮೂರು ಬೀದಿ ಆಚೆ ಬಾಣಲೆಯಲ್ಲಿ ಸಾಸಿವೆ ಸಿಡಿದದ್ದು ನಡುಮನೆಗೆ ಕೇಳಿಸಿತು. ಸೋಮಲಿಂಗಪ್ಪನವರು ಎದ್ದು ಕುಳಿತರು. ಜುಬ್ಬವನ್ನು ಎತ್ತಿ ನೋಡಿದರು. ತಮ್ಮ ಮಣಿಕಟ್ಟು ನೋಡಿಕೊಂಡರು. ಹೊಟ್ಟೆ ಮುಟ್ಟಿ ನೋಡಿಕೊಂಡರು. ಅಲ್ಲಿ ಹೊಟ್ಟೆಯೇ ಇರಲಿಲ್ಲ.

“ಹಾಗಾದ್ರೆ ನನಗೆ ಏನೂ ಆಗಿಲ್ವೇನ್ರೀ?”

“ಇಲ್ಲ ಸಾರ್.”

“ಒಂದೀಟೂ ಗಾಳಿ ಇಲ್ಲೇನು?” ಎಂದರು ಕರಿಬಸವಯ್ಯ, ಕೈಗೆ ಬಂದ ಕಾಯಿಲೆ ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟದಲ್ಲಿ.

“ಶಾಂತಾ,” ಎಂದು ಸೋಮಲಿಂಗಪ್ಪನವರು ಕೂಗಿದರು. ಎರಡು ವಾರದಿಂದ ಆ ಮನೆಯಲ್ಲಿ ಅಂಥ ದನಿ ಎದ್ದಿರಲಿಲ್ಲ. “ರೊಟ್ಟಿ ತಟ್ಟು. ಎಣ್ಣೆಗಾಯಿ ಮಾಡು. ತುಪ್ಪದ ಭರಣಿ ಈ ಕಡೆ ಕಳಿಸು!”

ಶಾಂತಾದೇವಿ ಅಳುತ್ತಲೂ ನಗುತ್ತಲೂ ಒಳಗೆ ಓಡಿದರು. ಚೂಡಾಮಣಿ ಹಿಂದೆಯೇ ಹೋಗಿ ಹಿಟ್ಟು ನಾದಲು ಕೂತಳು. ನೆಂಟರು ಯಾವ ಮುಖ ಮಾಡಬೇಕೆಂದು ತಿಳಿಯದೆ, ಬಂದದ್ದು ಬಂದೆವು ಎಂದು ಊಟಕ್ಕೆ ಸಾಲಾಗಿ ಕುಳಿತರು. ಅನಂತರಾಮು ಮಾತ್ರ ಕಂಬದ ಪಕ್ಕ ನಿಂತೇ ಇದ್ದ. ಯಾರೂ ಕೂರು ಎನ್ನಲಿಲ್ಲ.

ಸೋಮಲಿಂಗಪ್ಪನವರು ಮೊದಲ ನಾಲ್ಕು ರೊಟ್ಟಿ ಮಾತಿಲ್ಲದೆ ತಿಂದರು. ಐದನೆಯದಕ್ಕೆ ತುಪ್ಪ ಸುರಿದುಕೊಂಡು ತಲೆ ಎತ್ತಿದರು.

“ಹೋಗಲಿ. ನೀರಿನ ವಿಷಯ ಸುಳ್ಳು. ಹೊಲಿಗೆ ಆದ್ರೂ ನಿಮ್ಮದು ತಾನೇ?”

“ಸಿದ್ದಾಪುರದ ಚಿಕ್ಕಬೈರಪ್ಪಂದು ಸಾರ್. ಅವನು ನೆನೆಸಿದೆಯಾ ಅಂತ ಕೇಳ್ದ. ಅವನಿಗೂ ಸುಳ್ಳು ಹೇಳ್ದೆ.”

ಆರನೆಯ ರೊಟ್ಟಿ ಇಳಿಯಿತು. ಸೋಮಲಿಂಗಪ್ಪನವರು ತಾಯಿಯ ನೂಲಿನ ಉಳಿದ ಬಟ್ಟೆಯನ್ನು ಶಾಂತಾದೇವಿಯ ಕೈಗೆ ಕೊಟ್ಟು, “ಇದನ್ನ ಆ ಹುಡುಗಿ ಹತ್ತಿರ ಕೊಡು, ಅವಳಾದ್ರೂ ನೆನೆಸ್ಲಿ. ಇವರ ಕೈಗೆ ಮಾತ್ರ ಬೇಡ,” ಎಂದರು.

“ನೆನೆಸೋದರಿಂದ ಹಿಡಿದು ನಾನೇ ನೋಡ್ಕೋತೀನಿ ಅಂತ ಹೇಳಿ ಅಮ್ಮಾ,” ಎಂದಳು ಚೂಡಾಮಣಿ ಅಡಿಗೆಮನೆಯಿಂದ. “ಆ ಜುಬ್ಬಾನೂ ಕೊಡ್ಲಿ. ಇದೇ ತುಂಡಿನಲ್ಲಿ ಪಟ್ಟಿ ಕೊಟ್ಟು, ಪಕ್ಕ ಅಗಲ ಮಾಡಿ, ತೋಳು ಇಳಿಸಿಕೊಡ್ತೀನಿ. ಒಂದು ಎಳೆಯೂ ದಂಡ ಆಗಲ್ಲ.”

ಸೋಮಲಿಂಗಪ್ಪನವರು ತುತ್ತನ್ನು ಕೈಯಲ್ಲೇ ಹಿಡಿದು ಅಡಿಗೆಮನೆಯ ಕಡೆ ನೋಡಿದರು, ಆಮೇಲೆ ಅನಂತರಾಮುವಿನ ಖಾದಿ ಷರಟಿನ ಕಡೆ.

“ಆ ಕಾಲರು ಯಾರದು?”

“ಅವಳದೇ ಸಾರ್.”

“ತೋಳು?”

“ಅವಳದೇ.”

“ಗುಂಡಿ? ಗುಂಡಿ ಆದ್ರೂ…”

“ಗುಂಡೀನೂ, ಕಾಜಾನೂ ಅವಳೇ ಸಾರ್. ಬಟ್ಟೆ ಆರಿಸಿದ್ದು, ನೆನೆಸಿದ್ದು, ಇಸ್ತ್ರಿ ಹಾಕಿದ್ದು ಎಲ್ಲಾ ಅವಳೇ.”

“ಮತ್ತೆ ನೀವು ಏನು ಮಾಡಿದ್ರಿ?”

ಅನಂತರಾಮು ಒಂದು ಸಲ ಛಾವಣಿ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಕರಿಬಸವಯ್ಯನ ಚೀಲ ನೋಡಿದ. ಅಲ್ಲೂ ಸಿಗಲಿಲ್ಲ. ಹುಟ್ಟಿ ಮೂವತ್ತೊಂದು ವರ್ಷಕ್ಕೆ ಮೊದಲ ಬಾರಿ ಅವನ ಬಾಯಿಂದ ಒಂದು ಅಂಗುಲವೂ ಹಿಗ್ಗದ ಮಾತು ಹೊರಟಿತು.

“ನಾನು ತೊಟ್ಕೊಂಡೆ ಸಾರ್.”